ಅಡಿಯಲ್ಲಿರೋ ಚೀಟಿ

ಸಕಲೇಶಪುರದ ಮನೇಲಿ ಒಂದು ಹಳೇ ನ್ಯಾಸ್ ಡಬ್ಬ ಇದೆ. ತೀರಿಹೋದ ಅಮ್ಮನ ಫೋಟೋ, ವಿಡಿಯೋ ಎಲ್ಲ ಅದರಲ್ಲೇ. ಬೇರೆ ಕಾಪಿ ಇಲ್ಲ. ನನ್ನ ಹೊಸ ಲ್ಯಾಪ್‌ಟಾಪಿಗೆ ಅದು ಕಾಣಲೇ ಇಲ್ಲ. ಡಬ್ಬಕ್ಕೆ ಗೊತ್ತಿದ್ದದ್ದು ಎಸ್‌ಎಂಬಿ-1 ಮಾತ್ರ. 2017ರ ವಾನ್ನಾಕ್ರೈ ಹಬ್ಬಿದ್ದು ಅದರ ಲೋಪದಿಂದಲೇ. ಈಗಿನ ವಿಂಡೋಸ್ ಅದನ್ನು ತಾನಾಗಿ ಹಾಕಲ್ಲ.

ಹೊಸ ಫರ್ಮ್‌ವೇರ್ ಇಳಿಸಿಕೊಂಡೆ. ಅಪ್ಪ ಕೇಳಿದ್ರು: "ಇರು ಮಗಾ, ಜಾತಿ ನೋಡಿದ್ಯಾ? ಕಾವೇರಿನೂ ಕಾಫಿನೇ, ಎಸ್-795ನೂ ಕಾಫಿನೇ. ಒಂದಕ್ಕೆ ಬಿಡೋ ಅಂತರ ಇನ್ನೊಂದಕ್ಕೆ ಆಗುತ್ತಾ?"

ಡಬ್ಬ ತಿರುಗಿಸಿದೆ. ಅಡಿಯ ಚೀಟಿಯಲ್ಲಿ ಮಾಡೆಲ್ ನಂಬರಿನ ಪಕ್ಕ ಹಾರ್ಡ್‌ವೇರ್ ವರ್ಷನ್ 'ಬಿ1'. ನಾನು ಇಳಿಸಿದ್ದು 'ಎ1'ದು. ಹೆಸರು ಒಂದೇ ಆದ್ರೂ ಒಳಗಿನ ಚಿಪ್ ಬೇರೆ ಇರಬಹುದು. ತಪ್ಪು ಫೈಲ್ ಹಾಕಿದ್ರೆ ಡಬ್ಬ ಮತ್ತೆ ಏಳದೇ ಹೋಗಬಹುದು. ಮಳೆಗಾಲದ ನಮ್ಮೂರ ಕರೆಂಟು ಮಧ್ಯದಲ್ಲಿ ಕೈಕೊಟ್ಟರೂ ಅದೇ ಗತಿ.

ಅವತ್ತು ಅಪ್‌ಡೇಟ್ ಮಾಡಲಿಲ್ಲ. ಇಂಟರ್ನೆಟ್ ಕಿತ್ತು, ಅಪ್ಪನ ಹಳೇ ಕಂಪ್ಯೂಟರಿಂದ ಎಲ್ಲವನ್ನೂ ಎರಡು ಡಿಸ್ಕಿಗೆ ಕಾಪಿ ಮಾಡಿದೆ. ರಾತ್ರಿ ಒಂದು ವಿಡಿಯೋ ತೆರೆದೆ. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಾ ಅಪ್ಪನಿಗೆ ಬೈತಿದ್ದಾಳೆ.

ಅಪ್ಪ ಕುರ್ಚಿ ಹತ್ತಿರ ಎಳ್ಕೊಂಡ್ರು.