ನಲವತ್ತಕ್ಕೆ ರಿಟೈರ್ ಆಗ್ತೀನಿ ಅಂದ ತಮ್ಮ

ಎಳ್ಳಮಾವಾಸ್ಯೆ ದಿನ ಹೊಲದಲ್ಲಿ ಚರಗ ಚೆಲ್ಲಿ, ಬೇವಿನ ಗಿಡದ ಕೆಳಗೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಬೆಂಗಳೂರಿನಿಂದ ಬಂದಿದ್ದ ಕಾಕಾನ ಕಿರಿಮಗ ರೊಟ್ಟಿ ಮುರಿಯುತ್ತಲೇ ತಣ್ಣಗೆ ಹೇಳಿದ: "ಅಪ್ಪಾ, ನಲವತ್ತು ತುಂಬಿದ ಮ್ಯಾಲ ನೌಕರಿ ಬಿಡ್ತೀನಿ. ರಿಟೈರ್ ಆಗಿ ಊರಿಗೆ ಬರ್ತೀನಿ."

ಕಾಕಾ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದ್ದು ಒಂದೇ ಮಾತು. "ಪಿಂಚಣಿ ಬರತೈತೇನು?"

"ಇಲ್ಲಪ್ಪಾ. ಬಂದ್ರೂ ಭಾಳ ಇಲ್ಲ."

"ಹಂಗಾರ ಅದು ರಿಟೈರ್ ಹೆಂಗಾತು? ನೌಕರಿ ಬಿಟ್ಟಂಗಾತು."

ಎಲ್ಲರೂ ನಕ್ಕರು. ನಗದೇ ಇದ್ದವನು ಅಣ್ಣ, ಅಂದರೆ ತಮ್ಮನ ಒಡಹುಟ್ಟಿದವನು. ಊಟ ಮುಗಿಸಿ, ಕೈ ತೊಳೆದು, ಕಾಲುವೆ ಕಡೆ ನಡೆದುಬಿಟ್ಟ. ಆರು ಎಕರೆ ಹೊಲ ಕಾಕಾನ ಹೆಸರಿನಲ್ಲಿದೆ. ಇಪ್ಪತ್ತು ವರ್ಷದಿಂದ ಅದನ್ನು ಮಾಡುತ್ತಿರುವವನು ಅಣ್ಣ. ತಮ್ಮನ ಇಂಜಿನಿಯರಿಂಗ್ ಫೀ ಕಟ್ಟಿದ್ದೂ ಅದೇ ಹೊಲದ ಭತ್ತ.

ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ರಿಟೈರ್ ಅನ್ನುವ ಮಾತು ಇಲ್ಲಿಯತನಕ ಮಾಸ್ತರರಿಗೆ, ಕೆಇಬಿಯವರಿಗೆ, ಹಟ್ಟಿ ಚಿನ್ನದ ಗಣಿಯವರಿಗೆ ಸೇರಿದ್ದು. ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆದು ಕಳಿಸುತ್ತಾರೆ. ಒಕ್ಕಲುತನದವರಿಗೆ ಅದು ಇಲ್ಲವೇ ಇಲ್ಲ. ಸಾಫ್ಟ್‌ವೇರ್‌ನವರು ಈಗ ಆ ಮಾತನ್ನು ನಲವತ್ತಕ್ಕೆ ತಂದು ನಿಲ್ಲಿಸಿದ್ದಾರೆ.

ಕಾಕಾ ನನ್ನನ್ನು ಪಕ್ಕಕ್ಕೆ ಕರೆದು, "ನೀ ಪೇಪರ್ ಓದು ಓದೀದಿ. ಅವನಿಗೆ ತಿಳಿಸಿ ಹೇಳು" ಅಂದ. ಏನು ತಿಳಿಸುವುದು? ನನಗೇ ಗೊತ್ತಿರಲಿಲ್ಲ.

ಎರಡು ದಿನದ ನಂತರ ರಾತ್ರಿ ತಮ್ಮನನ್ನು ಬೆಂಗಳೂರು ಬಸ್ಸಿಗೆ ಹತ್ತಿಸಲು ಸಿಂಧನೂರಿಗೆ ಹೋದೆ. ಬಸ್ ಒಂದು ತಾಸು ತಡ. ಬಸ್‌ಸ್ಟ್ಯಾಂಡ್ ಹೊರಗಿನ ಚಹಾ ಅಂಗಡಿಯಲ್ಲಿ ಅವನ ಹಳೆಯ ಆಫೀಸಿನ ಇಬ್ಬರು ಸಿಕ್ಕರು. ಒಬ್ಬರು ಮಸ್ಕಿ ಕಡೆಯವರು, ಇನ್ನೊಬ್ಬರು ಸಿಂಧನೂರಿನವರೇ. ಮೂವರೂ ಒಂದು ಕಾಲದಲ್ಲಿ ಒಬ್ಬರೇ ಮ್ಯಾನೇಜರ್ ಕೈಕೆಳಗೆ ಕೆಲಸ ಮಾಡಿದವರು. ಆ ಮ್ಯಾನೇಜರ್ ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯವರು. ನಲವತ್ತೈದಕ್ಕೆ ದೊಡ್ಡ ಹುದ್ದೆ ಬಿಟ್ಟು ಬಂದವರು. ಹೆಸರು ಇಲ್ಲಿ ಬೇಡ. ತಮ್ಮನ ಆಸೆಗೆ ಬೀಜ ಹಾಕಿದ್ದು ಅವರೇ ಅಂತ ಅವತ್ತು ಗೊತ್ತಾಯಿತು.

"ಸರ್ ಲಕ್ಕಿ ಬಿಡ್ರಿ. ಮಾಡೋ ಟೈಮ್‌ನಾಗ ಮಾಡಿದ್ರು, ಬಿಡೋ ಟೈಮ್‌ನಾಗ ಬಿಟ್ರು," ಅಂದರು ಸಿಂಧನೂರಿನವರು.

ಮಸ್ಕಿಯವರು ಒಪ್ಪಲಿಲ್ಲ. "ಲಕ್ ಏನ್ ಬಂತು? ನಾಕು ಕಂಪನಿ ತಿರುಗಿದ್ರು. ಪುಣೆಗೆ ಹೋಗಿದ್ದು ತಂಗಿ ಮದುವಿ ಸಾಲಕ್ಕ. ಹೈದರಾಬಾದಿಗೆ ಹೋಗಿದ್ದು ಅಪ್ಪನ ಆಪರೇಶನ್‌ಗೆ. ಎಲ್ಲರೂ ಪ್ರಮೋಶನ್ ಸಲುವಾಗಿ ಕಂಪನಿ ಬದಲಿ ಮಾಡಿದ್ರ, ಅವರು ಮನಿ ಸಲುವಾಗಿ ಮಾಡಿದ್ರು. ಹದಿನೈದು ವರ್ಷ ಡಬ್ಬಿ ಕಟ್ಕೊಂಡು ಬಂದ ಮನಷ್ಯಾ. ಕಾರ್ ತಗೊಳ್ಳಲಿಲ್ಲ."

ತಮ್ಮ ಸುಮ್ಮನೆ ಚಹಾ ಕಪ್ ನೋಡುತ್ತಿದ್ದ. ಆಮೇಲೆ ಅವನೇ ಹೇಳಿದ, ನಾನು ಮೊದಲು ಕೇಳಿರದ ಸಂಗತಿ. ಮೇಲಿನಿಂದ ಒಂದು ಪಟ್ಟಿ ಬಂದಿತ್ತಂತೆ. ತಂಡದಲ್ಲಿ ಯಾರನ್ನು ಮನೆಗೆ ಕಳಿಸಬೇಕು ಅನ್ನುವ ಪಟ್ಟಿ. ಒಂದೇ ದಿನ ಹನ್ನೊಂದು ಜನರನ್ನು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದು ಸರ್ ಆ ಮಾತು ಹೇಳಬೇಕಾಯಿತು. ಅದರಲ್ಲಿ ಒಬ್ಬಳು ಆರು ತಿಂಗಳ ಬಸುರಿ. ಅವತ್ತು ಸರ್ ಡಬ್ಬಿ ಬಿಚ್ಚಲಿಲ್ಲ. ಎರಡು ತಿಂಗಳ ನಂತರ ತಾವೇ ರಾಜೀನಾಮೆ ಬರೆದರು. ಆಫೀಸಿನಲ್ಲಿ ಕೇಕ್ ಕತ್ತರಿಸಿ "ಅರ್ಲಿ ರಿಟೈರ್‌ಮೆಂಟ್" ಅಂತ ಹೆಸರಿಟ್ಟರು.

"ಅದು ರಿಟೈರ್ ಅಲ್ರೀ," ಅಂದರು ಮಸ್ಕಿಯವರು. "ಹೊಟ್ಟಿ ತೊಳಸಿ ಎದ್ದು ಬಂದಿದ್ದು."

ಸಿಂಧನೂರಿನವರು ಮಾತು ತಿರುಗಿಸಿದರು. "ಬಿಟ್ಟೋರು ಮತ್ತ ಹೋಗಬಾರದು ಅಂತೇನೂ ಇಲ್ಲಲ್ಲ. ನಾರಾಯಣ ಮೂರ್ತಿಯವರೇ ಬಿಟ್ಟು ಮತ್ತ ಬರಲಿಲ್ಲೇನು?"

ಬಸ್ ಬಂತು. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಮನೆಗೆ ಬಂದು ಇನ್ಫೋಸಿಸ್‌ನ ಹಳೆಯ ಕಥೆಗಳನ್ನು ತೆಗೆದು ಓದಿದೆ. 1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಕಟ್ಟಿದ ಕಂಪನಿ. ಸುಧಾ ಮೂರ್ತಿಯವರು ಕೊಟ್ಟ ಹತ್ತು ಸಾವಿರ ರೂಪಾಯಿಯ ಕಥೆ ನಿಮಗೂ ಗೊತ್ತಿದೆ. ನಮಗೆ ಅಷ್ಟಾಗಿ ಗೊತ್ತಿಲ್ಲದ್ದು, ಆ ಏಳು ಜನ ಯಾವ್ಯಾವಾಗ ಬಿಟ್ಟರು ಅನ್ನುವುದು.

ಅಶೋಕ್ ಅರೋರಾ 1989ರಲ್ಲೇ ಹೊರಟರು. ಆಗ ಕಂಪನಿಗೆ ಇನ್ನೂ ನೆಲೆ ಸಿಕ್ಕಿರಲಿಲ್ಲ. ಮರುವರ್ಷ, 1990ರಲ್ಲಿ, ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುತ್ತೇವೆ ಅಂತ ಕೇಳಿದವರಿದ್ದರು. ಐದು ಜನ ಕೂತು ಮಾತಾಡಿದರು. ಒಂಬತ್ತು ವರ್ಷ ದುಡಿದು ದಣಿದಿದ್ದರು, ಮಾರಿಬಿಡೋಣ ಅನ್ನುವ ಮನಸ್ಸು ಕೆಲವರಿಗಿತ್ತು. ಮಾರುವವರಿದ್ದರೆ ನಿಮ್ಮ ಪಾಲನ್ನು ನಾನೇ ಕೊಳ್ಳುತ್ತೇನೆ ಎಂದರಂತೆ ಮೂರ್ತಿ. ಆಗ ಕೈಯಲ್ಲಿ ದುಡ್ಡಿರಲಿಲ್ಲ ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ತಾಸಿನೊಳಗೆ ಎಲ್ಲರೂ ಉಳಿದರು.

ಎಸ್.ಡಿ. ಶಿಬುಲಾಲ್ 1991ರಲ್ಲಿ ಬಿಟ್ಟು ಸನ್ ಮೈಕ್ರೋಸಿಸ್ಟಮ್ಸ್ ಸೇರಿದರು, ಕೆಲವು ವರ್ಷದ ನಂತರ ಮರಳಿದರು, 2011ರಲ್ಲಿ ಸಿಇಒ ಆದರು. ಎನ್.ಎಸ್. ರಾಘವನ್ 2000ದಲ್ಲಿ, ಅರವತ್ತು ತುಂಬುವ ಮೊದಲೇ, ಜಂಟಿ ವ್ಯವಸ್ಥಾಪಕ ನಿರ್ದೇಶಕರಾಗಿದ್ದಾಗ ನಿವೃತ್ತರಾದರು. ಬೆಂಗಳೂರಿನ ಐಐಎಂನಲ್ಲಿ ಹೊಸ ಉದ್ಯಮ ಕಟ್ಟುವವರಿಗೆ ನೆರವಾಗುವ ಕೇಂದ್ರಕ್ಕೆ ಅವರ ಹೆಸರೇ ಇದೆ. ಮೂರ್ತಿಯವರು 2011ರಲ್ಲಿ ಇಳಿದು, 2013ರಲ್ಲಿ ಮತ್ತೆ ಬಂದು, 2014ರಲ್ಲಿ ಮತ್ತೆ ಬಿಟ್ಟರು.

ಕಂಪನಿ ಒಂದೇ. ಆದರೆ ಬಿಡುವುದರ ಅರ್ಥ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ರಾಘವನ್ ಬಿಡುವ ಹೊತ್ತಿಗೆ ಕಂಪನಿ ಅಮೆರಿಕದ ನಾಸ್ಡಾಕ್ ಷೇರುಪೇಟೆಯ ಪಟ್ಟಿಯಲ್ಲಿತ್ತು. ಅವರ ನಿವೃತ್ತಿಯನ್ನು ನಮ್ಮ ತಮ್ಮ ಎದುರಿಗಿಟ್ಟುಕೊಂಡರೆ ಲೆಕ್ಕ ತಪ್ಪುತ್ತದೆ. ಅವರದು ಮಾಲೀಕರ ನಿವೃತ್ತಿ, ಇವನದು ಸಂಬಳದವನದು.

ನಮಗೆ ಹತ್ತಿರದ ಉದಾಹರಣೆ ವಸುಧೇಂದ್ರ. ಬಳ್ಳಾರಿ ಜಿಲ್ಲೆಯ ಸಂಡೂರಿನವರು. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂಇ ಮಾಡಿ, ಇಪ್ಪತ್ತು ವರ್ಷದಷ್ಟು ಸಾಫ್ಟ್‌ವೇರ್ ಕೆಲಸ ಮಾಡಿದರು. ನಂತರ ಅದನ್ನು ಬಿಟ್ಟು ಪೂರ್ತಿ ಬರಹಕ್ಕೆ ಬಂದರು. 'ತೇಜೋ ತುಂಗಭದ್ರಾ' ಕಾದಂಬರಿ ಬಂದಿದ್ದು 2019ರಲ್ಲಿ. ಅದರ ಹೆಸರಿನಲ್ಲಿರುವ ಹೊಳೆಯೇ ನಮ್ಮ ಎಡದಂಡೆ ಕಾಲುವೆಗೆ ನೀರು ಕೊಡುವ ಹೊಳೆ. ಆದರೆ ನನಗೆ ಮುಖ್ಯ ಅನಿಸಿದ್ದು ಬೇರೆ. ಅವರು 'ಛಂದ ಪುಸ್ತಕ' ಪ್ರಕಾಶನ ಶುರು ಮಾಡಿದ್ದು 2004ರಲ್ಲಿ, ಇನ್ನೂ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಗಲೇ. ಅಂದರೆ ಮೊದಲನೇ ಕೆಲಸ ಬಿಡುವುದಕ್ಕೆ ವರ್ಷಗಟ್ಟಲೆ ಮೊದಲೇ ಎರಡನೇ ಕೆಲಸ ನಡೆಯುತ್ತಿತ್ತು. ಹೊರಗಿನವರಿಗೆ ಕಾಣಿಸುವುದು ರಾಜೀನಾಮೆ ಕೊಟ್ಟ ಒಂದು ದಿನ ಮಾತ್ರ.

ಇನ್ನೊಂದು ಹೇಳದೆ ಇರಲಾರೆ, ಮಸ್ಕಿಯ ಮಾತು ಬಂದದ್ದಕ್ಕೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನ ಹುಡುಕುತ್ತ ಬಂದು ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಕಂಡ. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಖಚಿತವಾಗಿದ್ದು ಅದರಿಂದ. ಶಾಲೆಯಲ್ಲಿ ಅಶೋಕ ಯುದ್ಧ ಬಿಟ್ಟ ಅಂತ ಓದಿದ್ದೇವೆ. ಯುದ್ಧ ಬಿಟ್ಟ, ರಾಜ್ಯ ಬಿಡಲಿಲ್ಲ. ಇದನ್ನು ತಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಅಕ್ಕಾ, ಅವನಿಗೆ ಇಎಂಐ ಇದ್ದಿಲ್ಲ" ಅಂದ.

ಸರಿ, ಲೆಕ್ಕಕ್ಕೇ ಬರೋಣ ಅಂದೆ. ಅವನು ಕೆಲಸಕ್ಕೆ ಸೇರಿದ್ದು 2009ರಲ್ಲಿ. ಪಿಎಫ್ ಜತೆ ಬರುವ ಪಿಂಚಣಿ ಯೋಜನೆಯಲ್ಲಿ ಇದ್ದಾನೆ. ಕನಿಷ್ಠ ಹತ್ತು ವರ್ಷ ಸೇವೆ ಬೇಕು, ಅದು ಆಗಿದೆ. ಆದರೆ ಸಂಬಳ ಎಷ್ಟೇ ದೊಡ್ಡದಿದ್ದರೂ ಈ ಪಿಂಚಣಿಯ ಲೆಕ್ಕಕ್ಕೆ ಸಾಮಾನ್ಯವಾಗಿ ಹಿಡಿಯುವುದು 15,000 ರೂಪಾಯಿ ಮಿತಿಯನ್ನು. ಅದಕ್ಕೆ ಸೇವೆಯ ವರ್ಷ ಗುಣಿಸಿ 70ರಿಂದ ಭಾಗಿಸುತ್ತಾರೆ. 2014ಕ್ಕಿಂತ ಮೊದಲಿನ ವರ್ಷಗಳಿಗೆ ಮಿತಿ ಇನ್ನೂ ಕಡಿಮೆ, 6,500. ಎಲ್ಲ ಕೂಡಿಸಿದರೆ ತಿಂಗಳಿಗೆ ಮೂರು ಸಾವಿರದ ಆಸುಪಾಸು. ಅದೂ 58 ತುಂಬಿದ ಮೇಲೆ. ನಲವತ್ತಕ್ಕೆ ಬಿಟ್ಟರೆ ನಡುವೆ ಹದಿನೆಂಟು ವರ್ಷ. ಪಿಎಫ್ ಗಂಟು, ಗ್ರಾಚ್ಯುಟಿ ಬೇರೆ ಬರುತ್ತವೆ ನಿಜ. ಆದರೆ ಗಂಟು ಬಿಚ್ಚುತ್ತ ಹೋದರೆ ಎಷ್ಟು ದಿನ?

"ಹೊಲ ಐತಲ್ಲಕ್ಕ," ಅಂದ.

ಆ ಮಾತಿಗೆ ನನಗೆ ಸಿಟ್ಟು ಬಂತು. ಹೊಲ ಪಿಂಚಣಿ ಅಲ್ಲ. ನಮ್ಮದು ಕಾಲುವೆಯ ಕೊನೆ ಭಾಗ. ಮೇಲಿನವರು ಬಿಟ್ಟರೆ ನೀರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಅಣ್ಣ ವಾರಗಟ್ಟಲೆ ಸರಿಯಾಗಿ ಮಲಗಲಿಲ್ಲ. ನಾಟಿ ಆಗಿತ್ತು, ಗೊಬ್ಬರದ ಉದ್ರಿ ತಲೆಮೇಲಿತ್ತು. ತಮ್ಮ ಆ ರಾತ್ರಿ ಬೆಂಗಳೂರಿನಿಂದ ಗ್ರೂಪಿಗೆ ವಿಡಿಯೋ ಕಳಿಸಿದ್ದ, ನೀರು ಭೋರ್ಗರೆಯುವ ವಿಡಿಯೋ.

ಲಿಂಗಸುಗೂರಿನ ಆ ಸರ್ ಈಗ ಏನು ಮಾಡುತ್ತಾರೆ ಅಂತ ಮಸ್ಕಿಯವರಿಗೆ ಫೋನ್ ಮಾಡಿ ಕೇಳಿದೆ. ಪೇಟೆಯಲ್ಲೇ ಬಾಡಿಗೆ ಮನೆ ಮಾಡಿದ್ದಾರಂತೆ. ದಿನಾ ಬೆಳಿಗ್ಗೆ ಹಳ್ಳಿಗೆ ಹೋಗಿ ಅಣ್ಣನ ಜೊತೆ ಹೊಲದಲ್ಲಿರುತ್ತಾರೆ, ಮಧ್ಯಾಹ್ನ ಹುಡುಗರಿಗೆ ಗಣಿತ ಹೇಳಿಕೊಡುತ್ತಾರೆ. ಬಂದ ಮೊದಲ ವಾರವೇ ಅಣ್ಣನ ಬ್ಯಾಂಕ್ ಸಾಲ ತೀರಿಸಿದರಂತೆ. ಪಾಲು ಕೇಳಿಲ್ಲ. "ಯಾರಾದ್ರೂ ಕೇಳಿದ್ರ ಅಣ್ಣನ ಹೊಲ ಅಂತಾರ್ರೀ, ನಮ್ಮ ಹೊಲ ಅನ್ನಂಗಿಲ್ಲ," ಅಂದರು.

ಇದನ್ನು ತಮ್ಮನಿಗೆ ಹೇಳಿದೆ. ಅವನಿಗೆ ಈ ಭಾಗ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಫೋನಿನಲ್ಲಿ ಸದ್ದೇ ಇಲ್ಲ. ನಾನೂ ಸುಮ್ಮನಿದ್ದೆ. ನಾನು ಹೇಳಬಯಸಿದ್ದು ಬರಬೇಡ ಅಂತಲ್ಲ. ಹನ್ನೊಂದು ಜನರ ಮುಖ ನೋಡಿ ಎದ್ದು ಬಂದವರ ಸಂಕಟ ಅವನಲ್ಲೂ ಇರಬಹುದು, ಯಾರಿಗೆ ಗೊತ್ತು. ಈ ವರ್ಷ ಅವನೂ ಮ್ಯಾನೇಜರ್ ಆಗಿದ್ದಾನೆ.

ಕಡೆಗೆ ಅಣ್ಣನನ್ನೇ ಕೇಳಿದೆ. ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ.

"ಬರ್ಲಿ. ಬ್ಯಾಡ ಅನ್ನಾಕ ನಾ ಯಾರು?" ಅಂದ. "ಅವ ಬಂದ ಮ್ಯಾಲ ನಾ ಎಷ್ಟು ಎಕರೆ ನಾಟಿ ಹಚ್ಚಬೇಕು ಅನ್ನೋದು ಅಷ್ಟ ಈಗ ಹೇಳ್ಲಿ. ನನಗೂ ಎರಡು ಮಕ್ಕಳದಾವ."

ಆ ಮಾತನ್ನು ಹೆಚ್ಚೂಕಡಿಮೆ ಮಾಡದೆ ತಮ್ಮನಿಗೆ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ರಾತ್ರಿ ಒಂಬತ್ತಕ್ಕೆ ಫೋನ್ ಬಂದಿದ್ದು ನನಗಲ್ಲ, ಅಣ್ಣನಿಗೆ. ಅಂಗಳದಲ್ಲಿ ನಿಂತು ಮುಕ್ಕಾಲು ತಾಸು ಮಾತಾಡಿದ. ಒಳಗೆ ಬಂದವನು ಕಾಕಾನಿಗೆ, "ಯುಗಾದಿಗೆ ಬರ್ತಾನಂತ. ಕೂತು ಮಾತಾಡೋಣು ಅಂದಾನ" ಅಂತ ಹೇಳಿ ಊಟಕ್ಕೆ ಕೂತ.