ತಲಕಾಡಿನ ಮರಳು

ವಿಪತ್ತೆಂದೊಡನೆ ನಾವು ನೆನೆಯುವುದು ಭೂಕಂಪವನ್ನು, ಬಿರುಗಾಳಿಯನ್ನು, ಮಹಾಪೂರವನ್ನು. ಆದರೆ ಸದ್ದುಗದ್ದಲವಿಲ್ಲದೆ ವರ್ಷ ವರ್ಷವೂ ಇಷ್ಟಿಷ್ಟಾಗಿ ಬೆಳೆದು ಊರನ್ನೇ ನುಂಗುವ ವಿಪತ್ತೂ ಉಂಟು. ಅದನ್ನು ಕಣ್ಣಾರೆ ಕಾಣಬೇಕಾದರೆ ಮೈಸೂರಿನಿಂದ ಸುಮಾರು 45 ಕಿಲೋಮೀಟರು ದೂರದಲ್ಲಿ, ಕಾವೇರಿಯ ಎಡದಂಡೆಯ ಮೇಲಿರುವ ತಲಕಾಡಿಗೆ ಹೋಗಬೇಕು.

ಇದು ಗಂಗರ ರಾಜಧಾನಿಯಾಗಿದ್ದ ನೆಲ. ಹೊಯ್ಸಳ ವಿಷ್ಣುವರ್ಧನನು ಚೋಳರನ್ನು ಗೆದ್ದುದರ ನೆನಪಿಗೆ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದುದೂ ಇಲ್ಲಿಯೇ. ಇಂದು ದೇವಾಲಯಗಳತ್ತ ನಡೆಯುವಾಗ ನಮ್ಮ ಕಾಲು ಹೆಜ್ಜೆಹೆಜ್ಜೆಗೂ ಮರಳಿನಲ್ಲಿ ಹೂಳುತ್ತದೆ. ಪಾತಾಳೇಶ್ವರನ ದರ್ಶನಕ್ಕೆ ದಿಬ್ಬಗಳ ನಡುವಣ ತಗ್ಗಿಗೆ ಇಳಿಯಬೇಕಾಗುತ್ತದೆ. ಮೂವತ್ತಕ್ಕೂ ಹೆಚ್ಚು ಗುಡಿಗಳು ಈ ಮರಳಿನಲ್ಲಿ ಹೂತುಹೋದುವೆಂದು ಹೇಳುತ್ತಾರೆ.

ಜನರು ಇದಕ್ಕೆ ಕೊಡುವ ಕಾರಣ ಅಲಮೇಲಮ್ಮನ ಶಾಪ. 1610ರಲ್ಲಿ ಶ್ರೀರಂಗಪಟ್ಟಣವು ರಾಜ ಒಡೆಯರ ವಶವಾದ ಬಳಿಕ, ಒಡವೆಗಳಿಗಾಗಿ ಬೆನ್ನಟ್ಟಿದವರಿಂದ ನೊಂದ ಆ ಸಾಧ್ವಿಯು ತಲಕಾಡು ಮರಳಾಗಲೆಂದೂ ಎದುರುದಡದ ಮಾಲಂಗಿ ಮಡುವಾಗಲೆಂದೂ ಶಪಿಸಿ ಹೊಳೆಗೆ ಹಾರಿದಳೆಂಬುದು ಐತಿಹ್ಯ.

ಹೊಳೆಯ ನಡೆಯನ್ನು ನೋಡಿದರೆ ಮರಳು, ಮಡು ಎರಡೂ ಒಂದೇ ತಾಯಿಯ ಮಕ್ಕಳೆಂಬುದು ಮನದಟ್ಟಾಗುತ್ತದೆ. ಕಾವೇರಿಯು ಇಲ್ಲಿ ಬಳಸಿ ಹರಿಯುತ್ತಾಳೆ. ಬಳಸಿನ ಹೊರಮಗ್ಗುಲಲ್ಲಿ ಸೆಳವು ಹೆಚ್ಚಾಗಿ ದಡ ಕೊರೆದು ಮಡುವಾಗುತ್ತದೆ. ಒಳಮಗ್ಗುಲಲ್ಲಿ ನೀರು ಮಂದವಾಗಿ, ಹೊತ್ತುತಂದ ಮರಳನ್ನು ಇಳಿಸುತ್ತದೆ. ಆ ಮರಳು ಬಯಲಾಗಿ ಒಣಗಿದಾಗ ನೈಋತ್ಯದ ಗಾಳಿ ಅದನ್ನು ಊರಿನ ಮೇಲೆ ತೂರುತ್ತದೆ. 14ನೆಯ ಶತಮಾನದಲ್ಲಿ ಮೇಲುಗಡೆ ಮಾಧವಮಂತ್ರಿಯ ಅಣೆಕಟ್ಟೆಯಾದ ಮೇಲೆ ಪಾತ್ರದಲ್ಲಿ ನೀರು ತಗ್ಗಿ, ಮರಳು ಇನ್ನಷ್ಟು ಬಯಲಾಯಿತೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಗದ್ದೆಗೆ ನೀರುಣಿಸಿದ ಕಟ್ಟೆಯೇ ಊರಿಗೆ ಮರಳನ್ನು ಕರೆದಿತೆಂದರೆ, ನಾವು ಯಾರನ್ನು ದೂರೋಣ?

ಮರಳು ವರ್ಷಕ್ಕೆ ಒಂಬತ್ತು ಹತ್ತು ಅಡಿ ಮುಂದೊತ್ತುತ್ತಿದ್ದಿತೆಂದು ಹಿಂದಿನ ಮೈಸೂರು ಗ್ಯಾಸೆಟಿಯರಿನಲ್ಲಿ ಬರೆದಿದೆ. ಅಜ್ಜ ಕಟ್ಟಿದ ಮನೆಯ ಹೊಸ್ತಿಲಿಗೆ ಮೊಮ್ಮಗನ ಕಾಲಕ್ಕೆ ಮರಳು ಬಂದು ಮುಟ್ಟುವ ವೇಗವದು. ಜನರು ಮನೆಗಳನ್ನು ಬಿಟ್ಟು ಹಿಂದೆ ಹಿಂದೆ ಸರಿದರು. ಆದರೂ ಊರನ್ನು ತೊರೆಯಲಿಲ್ಲ. ಬಳಿಕ ಅರಣ್ಯ ಇಲಾಖೆಯವರು ನೆಟ್ಟ ಸರ್ವೆ, ನೀಲಗಿರಿ ಮರಗಳ ಬೇರುಗಳು ಮರಳನ್ನು ಬಹುಮಟ್ಟಿಗೆ ಹಿಡಿದು ನಿಲ್ಲಿಸಿದುವು.

ಶಾಪವನ್ನು ಹಿಂತೆಗೆಯುವುದು ನಮ್ಮಿಂದಾಗದು. ಮರ ನೆಡುವುದು ಯಾರಿಂದಲಾದರೂ ಆದೀತು. ತಲಕಾಡಿಗೆ ಹೋಗುವ ವಾಚಕರು ಪಂಚಲಿಂಗಗಳ ದರ್ಶನವಾದ ಮೇಲೆ ಆ ತೋಪಿನ ನೆರಳಿನಲ್ಲಿಯೂ ಒಂದು ಗಳಿಗೆ ನಿಲ್ಲಬೇಕೆಂದು ನಮ್ಮ ಬಿನ್ನಹ.