ಹೊರಗಿನಿಂದ ಬಂದವಳು

ನಮ್ಮ ಕಲಬುರಗಿ ಕಡೆಯ ಹಳೆಯ ಕಲ್ಲಿನ ಮನೆಗಳಲ್ಲಿ ಮನೆ ಕಟ್ಟುವಾಗಲೇ ಗೋಡೆಯಲ್ಲಿ ಮಾಡಗಳನ್ನು ಬಿಡುತ್ತಿದ್ದರು. ಅಡಿಗೆಮನೆಯ ನೆಲದಲ್ಲಿ ಒಳ್ಳುಕಲ್ಲು ಹುಗಿಯುತ್ತಿದ್ದರು. ಇವು ಮನೆಯ ಜೊತೆಗೇ ಹುಟ್ಟಿದವು, ಬೇಡವೆಂದರೂ ಎತ್ತಿಡುವಂತಿಲ್ಲ. ಮಿಕ್ಸರ್ ಹಾಗಲ್ಲ. ಬೇಕಾದಾಗ ಇಳಿಸಿಕೊಂಡು, ರುಬ್ಬುವುದು ಮುಗಿದ ಮೇಲೆ ಕಪಾಟಿನಲ್ಲಿಟ್ಟರೆ ಆಯಿತು. ಕಂಪ್ಯೂಟರಿನ ಹೊಟ್ಟೆಯೊಳಗೂ ಇಂಥದೇ ಒಂದು ಲೆಕ್ಕಾಚಾರ ಇದೆಯೆಂದು ನನಗೆ ತಿಳಿದದ್ದು ನನ್ನ ತಂಗಿಯ ಅಂಗಡಿಯಿಂದ.

ಕಮಲಾಪುರ ಎಂದರೆ ಊರವರಿಗೆಲ್ಲ ಕೆಂಪು ಬಾಳೆಹಣ್ಣು ನೆನಪಾಗುತ್ತದೆ. ನನಗೆ ನೆನಪಾಗುವುದು ತಂಗಿಯ ಝೆರಾಕ್ಸ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳ ಓದು, ಅತ್ತೆಯ ಔಷಧಿ ಎಲ್ಲವೂ ಅದರ ಮೇಲೆಯೇ. ಅಲ್ಲಿರುವುದು ಲಿನಕ್ಸ್ ಹಾಕಿದ ಒಂದು ಹಳೆಯ ಕಂಪ್ಯೂಟರ್. ಕಳೆದ ಬೇಸಿಗೆಯಲ್ಲಿ, ಕಾಲೇಜಿನ ಅರ್ಜಿ ತುಂಬುವ ದಿನಗಳಲ್ಲೇ, ಹೊಸ ಆವೃತ್ತಿ ಬಂದು ಕೂತಿತು. ಇಂಟರ್‌ನೆಟ್ ಹಿಡಿಯುವ ವೈ-ಫೈ ಕಡ್ಡಿ ಮೂಕವಾಯಿತು.

“ಅಕ್ಕಾ, ಹೊಸಾದೇ ತಗೋರಿ ಅಂತಾರ ರಿಪೇರಿಯವರು. ರೊಕ್ಕ ಎಲ್ಲಿಂದ ತರಲಿ? ಬಂದವರಿಗೆಲ್ಲ ಇಲ್ಲ ಅಂದು ಕಳಸ್ಲತ್ತೀನಿ,” ಎಂದು ಫೋನಿನಲ್ಲಿ ಅತ್ತಳು.

ಭಾನುವಾರ ಇಂಜಿನಿಯರಿಂಗ್ ಓದುವ ಮಗಳನ್ನು ಕರೆದುಕೊಂಡು ಹುಮನಾಬಾದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳು ನನಗೆ ಪಾಠ ಹೇಳಿದಳು. 1991ರಲ್ಲಿ ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಬರೆಯತೊಡಗಿದ್ದು ಲಿನಕ್ಸಿನ ಕರ್ನೆಲ್. ಕರ್ನೆಲ್ ಎಂದರೆ ತಿರುಳು. ಪ್ರಿಂಟರು, ಕೀಲಿಮಣೆ, ವೈ-ಫೈ ಮುಂತಾದ ಯಂತ್ರಭಾಗಗಳೊಡನೆ ಮಾತಾಡಲು ಬೇಕಾದ ದುಭಾಷಿಗಳೇ ಡ್ರೈವರುಗಳು. ಇವುಗಳಲ್ಲಿ ಬಹಳಷ್ಟರ ಎದುರು, ತಿರುಳನ್ನು ಕಟ್ಟುವವನು ಮೂರರಲ್ಲೊಂದು ಗುರುತು ಹಾಕಬಹುದು: ತಿರುಳಿನೊಳಗೇ ಇರಲಿ, ಬೇಕಾದಾಗ ಬರುವ ಮಾಡ್ಯೂಲ್ ಆಗಿರಲಿ, ಬೇಡವೇ ಬೇಡ. ಒಳಗಿದ್ದದ್ದು ಕಂಪ್ಯೂಟರ್ ಎದ್ದಾಗಿನಿಂದ ಜಾಗ ಹಿಡಿದು ಕೂತಿರುತ್ತದೆ. ಮಾಡ್ಯೂಲ್ ಆದರೋ ಕರೆದಾಗ ಬರುತ್ತದೆ, ಕೆಲಸವಿಲ್ಲದಾಗ ಹೊರಗೆ ಕಳಿಸಲೂಬಹುದು.

“ಹಂಗಾದ್ರ ಅದು ಬಂದುಹೋಗೋ ನೆಂಟರಿದ್ದಂಗ,” ಎಂದೆ.

“ನೆಂಟರಲ್ಲವ್ವಾ, ಸೊಸಿ ಇದ್ದಂಗ. ಹೊರಗಿಂದ ಬಂದ್ರೂ ಒಳಗ ಬಂದಮ್ಯಾಗ ಮನಿಯವರಷ್ಟೇ ಅಧಿಕಾರ. ಅದು ತಪ್ಪಿದ್ರ ಇಡೀ ಕಂಪ್ಯೂಟರೇ ಕುಸಿದು ಬೀಳಬಹುದು.”

ಇನ್ನೂ ಒಂದು ಮಾತು ಹೇಳಿದಳು. ತಿರುಳಿನ ಅಧಿಕೃತ ಬರವಣಿಗೆಯಲ್ಲಿ ಸೇರದ ಮಾಡ್ಯೂಲ್ ಬಂದರೆ, ‘ಇದು ಹೊರಗಿನದು, ಮೈಲಿಗೆ ತಂದಿದೆ’ ಎಂಬ ಅರ್ಥದ ಒಂದು ಸಾಲನ್ನು ಕಂಪ್ಯೂಟರ್ ತನ್ನ ದಿನಚರಿಯಲ್ಲಿ ಬರೆದಿಡುತ್ತದಂತೆ. ಮುಂದೆ ಏನು ಕೆಟ್ಟರೂ ಮೊದಲ ಅನುಮಾನ ಅದರ ಮೇಲೆಯೇ. ಬಸ್ಸಿನಲ್ಲಿ ನಗು ತಡೆಯಲಾಗಲಿಲ್ಲ ನನಗೆ. ಅತ್ತೆಯ ಮನೆಯ ಪದ್ಧತಿ ಇದಕ್ಕೆ ಕಲಿಸಿದವರಾರು!

ತಂಗಿಯ ಕಡ್ಡಿಯ ಡ್ರೈವರ್ ಇಂಥದೇ ಹೊರಗಿನ ಮಾಡ್ಯೂಲು. ಹಳೆಯ ತಿರುಳಿನ ಅಳತೆಗೆ ಹೊಲಿದ ಕುಪ್ಪಸ ಅದು. ಹೊಸ ತಿರುಳಿಗೆ ಆಗಿಬರಲಿಲ್ಲ. ಮಗಳು ಮೊದಲು, ಪಟ್ಟಿಯಲ್ಲಿ ಇನ್ನೂ ಉಳಿದಿದ್ದ ಹಳೆಯ ತಿರುಳಿನಿಂದಲೇ ಕಂಪ್ಯೂಟರನ್ನು ಎಬ್ಬಿಸಿದಳು. ಇಂಟರ್‌ನೆಟ್ ಬಂತು! ತಂಗಿ ಕೈಮುಗಿದಳು.

ಆಗ ತಂಗಿಯ ಹಿರಿಮಗ, “ಎಲ್ಲಾ ತಿರುಳಿನಾಗೇ ಸೇರಿಸಿಬಿಡು ಅಕ್ಕಾ, ಮುಂದ ಕಟಕಟಿ ಇರಂಗಿಲ್ಲ,” ಎಂದ. ಮಗಳು ಒಪ್ಪಲಿಲ್ಲ. ಇಡೀ ತಿರುಳನ್ನು ಈ ಮುದಿ ಯಂತ್ರದಲ್ಲಿ ಕಟ್ಟಲು ಗಂಟೆಗಟ್ಟಲೆ ಬೇಕು. ನಡುವೆ ಕರೆಂಟು ಹೋದರೆ ಮುಗಿಯಿತು. ಮೇಲಾಗಿ ಹೊಸ ತಿರುಳು ಬಂದಾಗಲೆಲ್ಲ ಮತ್ತೆ ಅದೇ ಕೆಲಸ. ಮಾಡ್ಯೂಲ್ ಆದರೆ ಕಡ್ಡಿ ಮೊಂಡು ಹಿಡಿದಾಗ ಅದೊಂದನ್ನೇ ತೆಗೆದು ಮತ್ತೆ ಹಾಕಬಹುದು. ಒಳಗೇ ಇದ್ದರೆ ಹತ್ತು ಜನ ಕಾಯುತ್ತಿರುವಾಗ ಇಡೀ ಕಂಪ್ಯೂಟರನ್ನೇ ನಿಲ್ಲಿಸಿ ಎಬ್ಬಿಸಬೇಕಾದೀತು.

ಹಾಗೆಂದು ಒಳಗಿಡುವುದು ತಪ್ಪೇನಲ್ಲ. ಯಂತ್ರಭಾಗಗಳು ಬದಲಾಗದ ಕಡೆ ಬೇಕಾದದ್ದನ್ನೆಲ್ಲ ಒಳಗೇ ಕಟ್ಟಿ, ಅಪರಿಚಿತರು ನುಸುಳದಂತೆ ಮಾಡ್ಯೂಲಿನ ಬಾಗಿಲನ್ನೇ ಮುಚ್ಚುವವರಿದ್ದಾರೆ. ಡಿಸ್ಕನ್ನು ಓದುವ ಡ್ರೈವರಿನದಂತೂ ಬೇರೆಯೇ ಕಥೆ. ಅದು ಡಿಸ್ಕಿನೊಳಗೇ ಇದ್ದರೆ, ಕೀಲಿಕೈಯನ್ನು ಟ್ರಂಕಿನೊಳಗಿಟ್ಟು ಬೀಗ ಜಡಿದ ಹಾಗೆ. ಅದಕ್ಕೇ ಅದನ್ನು ತಿರುಳಿನೊಳಗೆ ಇಡುತ್ತಾರೆ. ಇಲ್ಲವೇ ತಿರುಳಿನ ಜೊತೆಗೆ ಸಣ್ಣದೊಂದು ಬುತ್ತಿಗಂಟು ಕಟ್ಟಿಕೊಡುತ್ತಾರೆ, ಡಿಸ್ಕಿನ ಅಡಿಗೆಮನೆ ಮುಟ್ಟುವವರೆಗೆ.

ಕೊನೆಗೆ ಮಗಳು ಹೊಸ ತಿರುಳಿನ ಅಳತೆಗೆ ಮಾಡ್ಯೂಲನ್ನಷ್ಟೇ ಮತ್ತೆ ಕಟ್ಟಿದಳು. ಚಹಾ ಕುಡಿದು ಮುಗಿಸುವುದರೊಳಗೆ ಆಯಿತು. ಮುಂದೆ ತಿರುಳು ಬದಲಾದಾಗಲೆಲ್ಲ ಮಾಡ್ಯೂಲ್ ತಾನಾಗಿ ಮರಳಿ ಕಟ್ಟಿಕೊಳ್ಳುವ ಏರ್ಪಾಡನ್ನೂ ಮಾಡಿದಳು.

ಗಂಡ ಹೋದಾಗ ‘ಇನ್ನೇನಿದೆ ಇಲ್ಲಿ, ತವರಿಗೆ ಹೋಗು’ ಎಂದು ತಂಗಿಗೆ ಹೇಳಿದವರು ಬಹಳ ಮಂದಿ. ಅವಳು ಹೋಗಲಿಲ್ಲ. ಹೊರಗಿನಿಂದ ಬಂದವಳ ಮೇಲೆಯೇ ಇಂದು ಆ ಮನೆ ನಿಂತಿದೆ. ಮೊನ್ನೆ ಫೋನು ಮಾಡಿದ್ದಳು: “ಹೊಸಾದು ನೆಟ್ಟಗ ನಡಿಯೂತನಕ ಹಳೀ ತಿರುಳು ಅಳಿಸಬಾರದು ಅಂತ ಗ್ವಾಡಿಮ್ಯಾಗ ಬರದು ಅಂಟಿಸೀನಿ ಅಕ್ಕಾ. ಇಡ್ತೀನಿ, ಗಿರಾಕಿ ಬಂದಾರ.”